ಇಮಾನದ ಪಂಖಾಕ್ಕ ಯಾವ ಮರ

ನಮ್ಮ ಕಡೆ ಎತ್ತಿನ ಗಾಡಿಗೆ ಇನ್ನೂ ಕಟ್ಟಿಗೆಯ ಗಾಲಿ ಇದ್ದ ಕಾಲವದು. ಸರಿಯಾಗಿ ಹೇಳಬೇಕೆಂದರೆ, ಆ ಕಾಲ ಮುಗಿಯುತ್ತಿದ್ದ ಹೊತ್ತು. ಎಂಬತ್ತರ ದಶಕದ ಕೊನೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ಗಾಡಿಗಳಿಗೆ ಒಂದೊಂದಾಗಿ ರಬ್ಬರ್ ಟೈರು ಬರುತ್ತಿದ್ದವು. ಶೇಡಬಾಳದ ಸ್ಟೇಶನ್ ರಸ್ತೆಯ ಮೇಲೆ ಬೆಳಗಿನ ಜಾವ ಕಡಕಡ ಎನ್ನುತ್ತ ಹೋಗುವ ಗಾಲಿಗಳ ಸದ್ದು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಗಾಡಿಯ ಹಿಂದೆ ಓಡಿ ಕಬ್ಬಿನ ಗಳ ಜಗ್ಗಿ, ಗಾಡಿಯವನಿಂದ ಬೈಸಿಕೊಂಡು, ಹಲ್ಲಿನಿಂದ ಸಿಪ್ಪೆ ಸುಲಿದು ತಿಂದವರು ಇದನ್ನು ಓದುತ್ತಿರುವವರಲ್ಲೂ ಇರುತ್ತೀರಿ.

ನಮ್ಮಪ್ಪ ಕಲ್ಲಪ್ಪ ಬಡಿಗೇರ ಆ ಗಾಲಿಗಳನ್ನು ಮಾಡುವವನು. ಮನೆಯ ಮುಂದೆ ಬೇವಿನ ಮರ, ಅದರ ಕೆಳಗೆ ತಗಡಿನ ಚಪ್ಪರ. ಅದೇ ಅವನ ಕಾರ್ಖಾನೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಕಟ್ಟುವ ದಿನಗಳು ಹತ್ತಿರ ಬಂದರೆ ಕಾಗವಾಡ, ಅಥಣಿ ಕಡೆಯವರೆಲ್ಲ ಗಾಲಿ ತಂದು ನಮ್ಮ ಅಂಗಳದಲ್ಲಿ ಸಾಲಾಗಿ ಒರಗಿಸುತ್ತಿದ್ದರು. ಹಿಂದಿನ ವರ್ಷ ಆ ಸಾಲು ಅಂಗಳದ ಅರ್ಧಕ್ಕೂ ಮುಟ್ಟಿರಲಿಲ್ಲ. ಅಪ್ಪ ಕೆಲಸವಿಲ್ಲದ ದಿನವೂ ಬಾಚಿ, ಉಳಿಗಳನ್ನು ಮಸೆದು ಸಾಲಾಗಿ ಇಡುತ್ತಿದ್ದ, ಅಷ್ಟೆ.

ನಾನು ಆಗ ಆರನೇ ಇಯತ್ತೆ. ಒಬ್ಬಳೇ ಮಗಳು. ಹೆಸರು ಕಸ್ತೂರಿ. ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುವ ಕಟ್ಟಿಗೆಯ ಹೊಟ್ಟೇ ನನ್ನ ಆಟದ ಸಾಮಾನು. ಅವನ್ನು ಕಿವಿಗೆ ಝುಮಕಿಯ ಹಾಗೆ ತೂಗುಹಾಕಿಕೊಂಡು ತಿರುಗುತ್ತಿದ್ದೆ. ಕಣ್ಣು ಮುಚ್ಚಿದರೂ ಜಾಲಿ ಯಾವುದು, ಬೇವು ಯಾವುದು, ಸಾಗವಾನಿ ಯಾವುದು ಎಂದು ವಾಸನೆಯಿಂದಲೇ ಹೇಳಬಲ್ಲವಳಾಗಿದ್ದೆ.

ಆ ವರ್ಷ ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಗಿತ್ತು. ಗಾಣದ ಕಡೆಯಿಂದ ಬೆಲ್ಲ ಕುದಿಯುವ ವಾಸನೆ ಊರೆಲ್ಲ ಹರಡಿದ ಒಂದು ಮಧ್ಯಾಹ್ನ, ಯಶವಂತ ಕಾಕಾ ಸೈಕಲ್ಲಿನ ಮೇಲೆ ಬಂದ. ಅವನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಬಂದವನು. ಈಗ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಊರಾಚೆಯ ಓಣಿಯಲ್ಲಿ, ಬುದ್ಧವಿಹಾರದ ಪಕ್ಕದಲ್ಲಿ ಅವನ ಮನೆ. ಹೊಳೆಯುವಂತೆ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಸೈಕಲ್ ತುಳಿಯುವವನು ಇಡೀ ಶೇಡಬಾಳದಲ್ಲಿ ಅವನೊಬ್ಬನೇ.

ಕಂಕುಳಲ್ಲಿದ್ದ ಕಾಗದದ ಸುರುಳಿಯನ್ನು ಕೈಗೆ ತೆಗೆದುಕೊಂಡು ಅವನು ಹೇಳಿದ, "ಕಲ್ಲಪ್ಪಣ್ಣ, ಒಂದ ಕೆಲಸ ಐತ್ರಿ. ಮದ್ಲ ಪೂರಾ ಕೇಳ್ರಿ, ಆಮ್ಯಾಲ ಬೈರಿ."

"ಹೇಳ್ರಿ."

"ಇಮಾನಕ್ಕ ಪಂಖಾ ಮಾಡಿ ಕೊಡಬೇಕ್ರಿ. ಕಟ್ಟಿಗೀದು."

ಅಪ್ಪ ರಂದಾ ನಿಲ್ಲಿಸಿದ. "ಯಾವ ಇಮಾನ?"

"ನಾ ಮಾಡಾಕತ್ತೇನ್ರಿ. ನಮ್ಮ ಹಿತ್ತಲದಾಗ. ನಾಕ ವರ್ಷ ಆತು."

ಊರಿನವರಿಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಎಲ್ಲರೂ ಅದನ್ನು ನಗುವ ಮಾತು ಎಂದುಕೊಂಡಿದ್ದರು. ಅಪ್ಪ ನಗಲಿಲ್ಲ. ರಂದಾ ಬದಿಗಿಟ್ಟು ಹೇಳಿದ, "ಗಾಲಿ ಮುರದ್ರ ಗಾಡಿ ರಸ್ತೇದಾಗ ಕುಂದರತೈತಿ. ಗಾಡಿಯಾಂವ ನನ್ನ ಬೈಕೋತ ನಡಕೋತ ಮನಿಗಿ ಹೋಗ್ತಾನ. ಇದು ಮುರದ್ರ ನೀವ ಎಲ್ಲಿಗಿ ಹೋಗ್ತೀರಿ, ಯಶವಂತರಾವ? ನನ್ನ ಕಡೆ ಆಗಂಗಿಲ್ಲ."

"ಅದಕ್ಕ ನಿಮ್ಮ ಕಡೆ ಬಂದೀನ್ರಿ. ಮಾಡಾವ್ರು ಭಾಳ ಮಂದಿ ಸಿಗ್ತಾರ. ಮುರದ್ರ ಏನಾಕ್ಕೈತಿ ಅಂತ ಮದ್ಲ ಕೇಳಾವ್ರು ಸಿಗಾಂಗಿಲ್ಲ."

ಅವ್ವ ಚಹಾ ತಂದಳು. ಕಾಕಾನಿಗೆ ಸ್ಟೀಲಿನ ಗ್ಲಾಸು. ಹೊರಗಿನ ಗೂಡಿನಲ್ಲೇ ಇರುತ್ತಿದ್ದ, ಆ ಓಣಿಯವರು ಬಂದರೆ ಮಾತ್ರ ಕೆಳಗಿಳಿಯುತ್ತಿದ್ದ ಗ್ಲಾಸು. ಕಾಕಾ ಅದನ್ನು ನೋಡಿದ, ಕುಡಿದ, ತಾನೇ ತೊಳೆದಿಟ್ಟ. ಅವತ್ತು ನನಗೆ ಅದರಲ್ಲಿ ಏನೂ ಕಾಣಿಸಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಅಪ್ಪ "ಸುಮ್ಮ ನೋಡಿ ಬರೂಣು" ಎಂದು ನನ್ನನ್ನೂ ಕರೆದುಕೊಂಡು ಕಾಕಾನ ಹಿತ್ತಲಿಗೆ ಹೋದ. ಅಲ್ಲಿ ಗೋಣಿತಟ್ಟು ಸರಿಸಿದಾಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಕಬ್ಬಿಣದ ಕೊಳವೆಗಳ ಒಂದು ಸಣ್ಣ ಮೈ. ಒಬ್ಬನೇ ಕೂಡುವಷ್ಟು ಜಾಗ. ಹಳೆಯ ಮೋಟಾರ್ ಸೈಕಲ್ಲಿನ ಎರಡು ಸಿಲಿಂಡರಿನ ಇಂಜಿನ್, ಅದಕ್ಕೊಂದು ಪಟ್ಟಾ. ಗೋಡೆಗೆ ಒರಗಿಸಿದ ಎರಡು ರೆಕ್ಕೆಗಳಲ್ಲಿ ಒಂದಕ್ಕೆ ಬಟ್ಟೆ ಬಿಗಿದು ಬಣ್ಣ ಬಳಿದಿತ್ತು. ಕಳಿತ ಬಾಳೆಹಣ್ಣು, ಉಗುರಿನ ಬಣ್ಣ ಎರಡೂ ಕೂಡಿದಂಥ ವಾಸನೆ. ಇನ್ನೊಂದು ಬರೀ ಎಲುಬು. ಬೆರಳಷ್ಟು ತೆಳ್ಳಗಿನ ಕಟ್ಟಿಗೆಯ ಎಲುಬುಗಳು, ಒಂದೊಂದು ಕೂಡಿನಲ್ಲೂ ಮೊಳೆಯಿಲ್ಲದೆ ಅಂಟಿಸಿದವು.

ಅಪ್ಪ ಒಂದೊಂದೇ ಕೂಡನ್ನು ಹೆಬ್ಬೆರಳಿನಿಂದ ಸವರಿದ. "ಇದನ್ನ ಯಾರ ಮಾಡಿದ್ರು?"

"ನಾನ ಮಾಡೀನ್ರಿ."

"ಕೆಟ್ಟ ಇಲ್ಲ," ಅಂದ ಅಪ್ಪ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ. ಹಿಂದಿರುಗಿ ಮನೆ ಹತ್ತಿರ ಬಂದಾಗ, "ಜಾಲಿ. ಜಾಲಿಗಿಂತ ಗಟ್ಟಿ ಮರ ಯಾವದೈತಿ ನಮ್ಮ ಕಡೆ?" ಅಂದ. ಒಪ್ಪಿದ್ದಾನೆ ಎಂದು ನನಗೆ ತಿಳಿಯಿತು.

ಕಾಕಾ ಕಾಗದ ಹರಡಿ ನಮಗೆ ಪಾಠ ಹೇಳಿದ. "ಇಸ್ಕ್ರೂ ಕಟ್ಟಿಗ್ಯಾಗ ಹೊಕ್ಕಂಗ ಇದು ಗಾಳ್ಯಾಗ ತಿರಗಿ ಮುಂದ ಹೋಗತೈತಿ. ನಡುವ ಹೆಚ್ಚ ಓರಿ ಇರಬೇಕು, ತುದಿಗಿ ಹೋದಂಗ ಸಪಾಟ ಆಗಬೇಕು." ನಾಲ್ಕೂವರೆ ಅಡಿ ಉದ್ದ. ಉದ್ದಕ್ಕೂ ಅಲ್ಲಲ್ಲಿ ಎಷ್ಟೆಷ್ಟು ಓರೆ ಎಂದು ಡಿಗ್ರಿ ಬರೆದಿತ್ತು. ಅಪ್ಪ ಓದಿದ್ದು ಮೂರನೇ ಇಯತ್ತೆ. ಡಿಗ್ರಿ ಎಂದರೇನೆಂದು ಗೊತ್ತಿಲ್ಲ. ನಾನು ಕಂಪಾಸ ಪೆಟ್ಟಿಗೆಯಿಂದ ಕೋನಮಾಪಕ ತಂದೆ. ತಗಡು ಕತ್ತರಿಸಿ ಒಂದೊಂದು ಕೋನಕ್ಕೆ ಒಂದೊಂದು ಅಚ್ಚು ಮಾಡಿದೆವು. ಅಪ್ಪ ಕೆತ್ತುವುದು, ನಾನು ಅಚ್ಚು ಹಿಡಿದು "ಇನ್ನ ತುಸು ತಗೀಬೇಕು" ಅನ್ನುವುದು. ಗೆಳತಿಯರು ಕುಂಟೆಬಿಲ್ಲೆಗೆ ಕರೆಯಲು ಬಂದರೆ, "ನಾ ಇಮಾನ ಮಾಡಾಕತ್ತೀನಿ" ಎಂದು ಕಳಿಸಿಬಿಡುತ್ತಿದ್ದೆ. ಆ ಜಂಬಕ್ಕೆ ಅವರು ಎರಡು ವಾರ ನನ್ನ ಕೂಡ ಮಾತು ಬಿಟ್ಟರು.

ಜಾಲಿಯ ಪಂಖಾ ಮುಗಿಯಿತು. ನೋಡಲು ಕರಿಗೆಂಪು, ಹೊರಲು ಕಲ್ಲು. ಅದನ್ನು ಇಂಜಿನ್ನಿಗೆ ಬಿಗಿದು, ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಕಾಕಾನ ಹಿತ್ತಲಿನ ಬೇವಿನ ಬೊಡ್ಡೆಗೆ ಕಟ್ಟಿದೆವು. ನಡುವೆ ಒಂದು ಸ್ಪ್ರಿಂಗ್ ಕಾಟಾ. ನಿಪ್ಪಾಣಿಯ ವಖಾರಿಯಲ್ಲಿ ತಂಬಾಕಿನ ಮೂಟೆ ತೂಗುವ ಕಾಟಾ ಅದು. ಕಾಕಾ ಪರಿಚಯದವರ ಕಡೆಯಿಂದ ಎರವಲು ತಂದಿದ್ದ. ಅದರ ಮೈಗೆ ಅಂಟಿದ ತಂಬಾಕಿನ ಘಾಟಿಗೆ ನನಗೆ ಸೀನು ನಿಲ್ಲುತ್ತಿರಲಿಲ್ಲ. ಪಂಖಾ ತಿರುಗಿದಾಗ ವಿಮಾನ ಮುಂದಕ್ಕೆ ಎಷ್ಟು ಜಗ್ಗುತ್ತದೆ ಎಂದು ಮುಳ್ಳು ತೋರಿಸಬೇಕು. "ತೊಂಬತ್ತ ಕಿಲೋ ಜಗ್ಗಬೇಕು, ಕಡಿಮಿ ಆದ್ರ ಏಳಾಂಗಿಲ್ಲ," ಎಂದಿದ್ದ ಕಾಕಾ.

ಇಂಜಿನ್ ಶುರುವಾಯಿತು. ಹೊಗೆ, ಧೂಳು, ಒಣಗಿದ ಬೇವಿನೆಲೆ ಎಲ್ಲ ಹಾರಿ ಮೋರೆಗೆ ಬಡಿಯಿತು. ಆದರೆ ಇಂಜಿನ್ ಏದುಸಿರು ಬಿಡುತ್ತಿತ್ತು. ಇಡೀ ಚೌಕಟ್ಟು ಚಳಿ ಹತ್ತಿದ ಹಾಗೆ ಗಡಗಡ ನಡುಗಿತು. ನಾನು ಕೂಗಿದೆ, "ಅರವತ್ತೈದ!"

ಕಾಕಾ ಇಂಜಿನ್ ನಿಲ್ಲಿಸಿ ಇಳಿದ. "ಕಾಲಿಗಿ ಕಲ್ಲ ಕಟ್ಟಿ ಓಡ ಅಂದಂಗ ಆತು. ಗಟ್ಟಿ ಐತಿ, ಖರೆ. ಭಾಳ ವಜ್ಜಾ ಐತ್ರಿ, ಕಲ್ಲಪ್ಪಣ್ಣ."

ಎರಡನೆಯದು ಸಾಗವಾನಿ. ಅಥಣಿಯಲ್ಲಿ ಒಂದು ಹಳೆಯ ವಾಡೆ ಕೆಡವುತ್ತಿದ್ದರು. ಅದರ ತೊಲೆಯೊಂದನ್ನು ಅಪ್ಪ ಆರಿಸಿ ತಂದ. ಕಾಕಾ ಹೇಳಿದಂತೆ ಅದನ್ನು ಹಲಗೆ ಹಲಗೆ ಸೀಳಿ, ಒಂದರ ಮೇಲೊಂದು ಅಂಟಿಸಿ, ಆಮೇಲೆ ಕೆತ್ತಬೇಕು. ಅಂಟು ಮಾತ್ರ ಅಪ್ಪನದು, ಬಡಿಗರ ಸರಸ. "ನನ್ನ ಸರಸ ಮೂರ ತಲಿಮಾರಿಂದ ಬಿಟ್ಟಿಲ್ಲ," ಎಂದು ತಾನೇ ಕಾಯಿಸಿ ಬಳಿದ. ಅಪ್ಪ ತನ್ನ ಜೀವಮಾನದಲ್ಲಿ ಅದಕ್ಕಿಂತ ಚೆಂದದ್ದನ್ನು ಕೆತ್ತಲಿಲ್ಲ. ಬಂಗಾರದ ಬಣ್ಣ, ಕಟ್ಟಿಗೆಯ ಗೆರೆಗಳು ತಿರುವಿನ ಕೂಡ ತಿರುಗಿ ತುದಿಯವರೆಗೆ ಹರಿದಿದ್ದವು. ನಡುವಿನ ತೂತಿಗೆ ಸಲಾಕೆ ತೂರಿಸಿ ಎರಡು ಉಳಿಗಳ ಅಲಗಿನ ಮೇಲೆ ಇಟ್ಟೆವು. ಒಂದು ಕಡೆ ಭಾರವಿದ್ದರೆ ಆ ತುದಿ ಕೆಳಗೆ ಬೀಳಬೇಕು. ಬೀಳಲಿಲ್ಲ. ಯಾವ ಕಡೆ ನಿಲ್ಲಿಸಿದರೆ ಆ ಕಡೆ ನಿಂತಿತು. ಅದರ ತುದಿಯ ಮೇಲೆ ನಾನು ಒಂದು ಜೋಳದ ಕಾಳು ಇಟ್ಟೆ, ಮೆಲ್ಲಗೆ ತಲೆಬಾಗಿತು. ಅಪ್ಪ ನಕ್ಕ.

ಸಂಕ್ರಾಂತಿಯ ಹಿಂದಿನ ದಿನ ಅದನ್ನು ಬಿಗಿದು ನೋಡಿದೆವು. ತೊಂಬತ್ತಾರು ಕಿಲೋ! ಇಂಜಿನ್ ಹಾಡಿದ ಹಾಗಿತ್ತು. ಅವ್ವ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿ ಕಾಕಾನ ಮನೆಗೆ ಕಳಿಸಿದಳು. ಮುಂದಿನ ರವಿವಾರ ಬೆಳಿಗ್ಗೆ, ದನ ಮೇಯುವ ಗಾಯರಾಣದಲ್ಲಿ ಹಾರಿಸುವುದು ಎಂದು ನಿಶ್ಚಯವಾಯಿತು. ಸುದ್ದಿ ಕಾಗವಾಡದವರೆಗೂ ಹೋಯಿತು.

ಶುಕ್ರವಾರ ಮಧ್ಯಾಹ್ನ ಶೇವಂತಾ ಕಾಕು ನಮ್ಮ ಮನೆಗೆ ಬಂದಳು. ಯಶವಂತ ಕಾಕಾನ ಹೆಂಡತಿ. ಅಲ್ಲಿಯವರೆಗೆ ಅವಳು ನಮ್ಮ ಓಣಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಚಪ್ಪರದ ಕಂಬ ಹಿಡಿದು ನಿಂತು, "ಅವರಿಗಿ ಗೊತ್ತಿಲ್ರಿ ನಾ ಬಂದದ್ದು," ಅಂದಳು. "ನಾಕ ವರ್ಷ ಬ್ಯಾಡ ಬ್ಯಾಡ ಅಂದೀನಿ. ಕೇಳಲಿಲ್ಲ. ಈಗ ಅನ್ನಾಂಗಿಲ್ಲ. ನೀವ ಒಂದ ಮಾತ ಹೇಳ್ರಿ. ಅದು ಮುರಿಯಾಂಗಿಲ್ಲ ಹೌದಲ್ರಿ?"

ಅಪ್ಪ ಎದ್ದು ನಿಂತು ಹೇಳಿದ, "ಇಲ್ರಿ ಅಕ್ಕಾರ. ನನ್ನ ಮಾತ ಐತಿ."

ಅವಳ ಕಣ್ಣು ತುಂಬಿದವು. ಅವ್ವ ಒಳಗೆ ಹೋಗಿ ಚಹಾ ತಂದಳು. ಎರಡು ಕಪ್ಪು-ಬಸಿ, ಮನೆಯೊಳಗಿನವು. ಒಂದನ್ನು ಕಾಕುಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದು ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತಳು. ಯೋಚಿಸಿ ಮಾಡಿದಳೋ, ಯೋಚಿಸದೆಯೋ, ನಾನು ಕೇಳಲಿಲ್ಲ. ಗೂಡಿನಲ್ಲಿದ್ದ ಗ್ಲಾಸು ಆಮೇಲೆ ಅಲ್ಲಿ ಕಾಣಲಿಲ್ಲ.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಬಂದವಳು, ಬಿಚ್ಚಿ ಮನೆಗೆ ತಂದಿದ್ದ ಪಂಖಾಕ್ಕೆ ಕೊನೆಯ ಕೈ ಎಣ್ಣೆ ಒರೆಸಲು ಕುಳಿತೆ. ಬಿಸಿಲಿಗೆ ಇಟ್ಟಿದ್ದರಿಂದ ಕಟ್ಟಿಗೆ ಬೆಚ್ಚಗಿತ್ತು. ಅರಿವೆ ಹಿಡಿದು ನಡುವಿನಿಂದ ತುದಿಯ ಕಡೆ ಸವರುವಾಗ ನನ್ನ ಉಗುರು ಎಲ್ಲೋ ತಡೆಯಿತು. ಮತ್ತೆ ಸವರಿದೆ. ಮತ್ತೆ ತಡೆಯಿತು. ಎರಡು ಹಲಗೆ ಕೂಡುವ ಗೆರೆಯಲ್ಲಿ ಕೂದಲಿಗಿಂತ ತೆಳ್ಳಗೆ ಏನೋ ಇತ್ತು. ಗೇಣುದ್ದ.

ಇದು ಕಟ್ಟಿಗೆಯದೇ ಗೆರೆ ಇರಬೇಕು ಎಂದುಕೊಂಡೆ. ಅವ್ವ ಊಟಕ್ಕೆ ಕರೆದಳು, ಹೋಗಿ ಕುಳಿತೆ. ಗುರೆಳ್ಳ ಹಿಂಡಿ, ಮೊಸರು, ರೊಟ್ಟಿ ಇದ್ದವು. ಯಾವುದರ ರುಚಿಯೂ ತಿಳಿಯಲಿಲ್ಲ. ಎದುರಿಗೆ ಅಪ್ಪ ಸಮಾಧಾನದಿಂದ ಉಣ್ಣುತ್ತಿದ್ದ. ಅಷ್ಟು ಸಮಾಧಾನದಿಂದ ಅವನು ಉಂಡದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು. ಹೇಳಿದರೆ ಊರೆಲ್ಲ ನಗುತ್ತದೆ. ಕಾಕುಗೆ ಕೊಟ್ಟ ಮಾತು ಸುಳ್ಳಾಗುತ್ತದೆ. ಹೇಳದಿದ್ದರೆ?

ತಾಟು ಬಿಟ್ಟೆದ್ದು, ಶಾಲೆಯ ಚೀಲದಿಂದ ಶಾಯಿಪೆನ್ನು ತಂದು, ಆ ಗೆರೆಯ ಒಂದು ತುದಿಗೆ ಒಂದು ಹನಿ ಶಾಯಿ ಬಿಟ್ಟೆ. ಹನಿ ನಿಲ್ಲಲಿಲ್ಲ. ನೀಲಿ ದಾರದ ಹಾಗೆ ಗೆರೆಯುದ್ದಕ್ಕೂ ಸರಸರ ಓಡಿತು.

"ಅಪ್ಪಾ, ಒಂದೀಟ ಇಲ್ಲಿ ಬಾ."

ಅಪ್ಪ ಬಂದು ನೋಡಿದ. ಬಗ್ಗಿ ನೋಡಿದ. ಕೈ ತೊಳೆದಿರಲಿಲ್ಲ, ಎಂಜಲು ಕೈಯನ್ನು ಹಿಂದೆ ಹಿಡಿದುಕೊಂಡೇ ಬಹಳ ಹೊತ್ತು ನೋಡಿದ. ಬೈಯುತ್ತಾನೆ ಎಂದುಕೊಂಡೆ. "ಸಾಗವಾನ್ಯಾಗ ಎಣ್ಣಿ ಇರತೈತಿ," ಅಂದ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ. "ಸರಸ ಹಿಡದಿಲ್ಲ. ಯಶವಂತರಾವ ಹೇಳಿದ್ದ. ಬ್ಯಾರೆ ಅಂಟ ಐತಿ ನನ್ನ ಕಡೆ ಅಂದಿದ್ದ. ನಾ ಕೇಳಲಿಲ್ಲ."

"ಯಾರಿಗೂ ಹೇಳೂದ ಬ್ಯಾಡೇನಪ್ಪ? ಮತ್ತ ಅಂಟಿಸಿದ್ರ?"

ಅವನು ನನ್ನ ಮೋರೆ ನೋಡಿದ. "ನೀ ನನಗ ಹೇಳಿದ್ಯಲ್ಲ. ನಾ ಮಂದಿಗಿ ಹೇಳಾಕ ಏನ ಧಾಡಿ?"

ರವಿವಾರ ಗಾಯರಾಣದಲ್ಲಿ ಇನ್ನೂರಾದರೂ ಮಂದಿ ಸೇರಿದ್ದರು. ಗಾಡಿ ಕಟ್ಟಿಕೊಂಡು ಬಂದವರು, ಸೈಕಲ್ ಮೇಲೆ ಬಂದವರು. ಅಪ್ಪ ಪಂಖಾ ಹೆಗಲ ಮೇಲೆ ಹೊತ್ತು ನೇರ ಕಾಕಾನ ಮುಂದೆ ಹೋಗಿ ನಿಂತ. ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಯಶವಂತರಾವ, ಇದು ಬಿಟ್ಟೈತಿ. ತಪ್ಪು ನಂದು. ಮಗಳು ಹಿಡದಾಳ." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ತಿರುಗಿ ನೋಡಲಿಲ್ಲ. ಗರಗಸ ತೆಗೆದು, ಪಂಖಾವನ್ನು ಗಾಡಿಯ ಮೂಕಿಯ ಮೇಲಿಟ್ಟು, ನಡುವೆ ಕೊಯ್ದು ಎರಡು ತುಂಡು ಮಾಡಿದ. ಮುಂದೆ ಯಾರೂ, ಮರೆತಾದರೂ, ಅದನ್ನು ಬಿಗಿಯಬಾರದು ಎಂದು.

ಮಂದಿ ಗೊಣಗುತ್ತ ಚದುರಿದರು. ಕಾಕಾ ಎರಡು ತುಂಡುಗಳ ಬದಿಗೆ ಕುಕ್ಕರಗಾಲಿನಲ್ಲಿ ಕುಳಿತು ಬಿಟ್ಟುಕೊಂಡ ಗೆರೆಯನ್ನು ನೋಡುತ್ತಿದ್ದ. ನಾಲ್ಕು ವರ್ಷದ ಕೆಲಸ, ಅವತ್ತು ಹಾರುವುದಿತ್ತು. ಅವನು ಅಳುತ್ತಾನೆ ಎಂದು ನನಗೆ ಅನಿಸಿತು. ಆದರೆ ಅವನು ತಲೆ ಎತ್ತಿ ನನ್ನನ್ನು ಕರೆದ.

"ಹೆಂಗ ಹಿಡದಿ?"

ಉಗುರು, ಶಾಯಿ ಎಲ್ಲ ಹೇಳಿದೆ. ಅವನು ಎದ್ದು ಬೂಟಿನ ಧೂಳು ಕೊಡವಿದ. "ಕಲ್ಲಪ್ಪಣ್ಣ, ಇಪ್ಪತ್ತ ವರ್ಷ ಇಮಾನದ ಕೆಲಸ ಮಾಡೀನಿ. ತಪ್ಪ ಮಾಡಲಾರದಾವರನ ನಾ ನೋಡಿಲ್ಲ. ತಪ್ಪ ತೋರಿಸಿ ಕೊಡಾವ್ರನ್ನ ಭಾಳ ಕಡಿಮಿ ನೋಡೀನಿ. ನಡೀರಿ, ಮಿರಜಿಗಿ ಹೋಗೂಣು. ಇನ್ನೊಂದ ಮರ ಐತಿ."

ಮಿರಜ ನಮಗೆ ದೂರವಲ್ಲ. ಮರುದಿನವೇ ಪ್ಯಾಸೆಂಜರ್ ರೈಲಿನಲ್ಲಿ ಮೂವರೂ ಹೋದೆವು. ಸಿತಾರು, ತಂಬೂರಿ ಮಾಡುವವರ ಓಣಿ ಅಲ್ಲಿದೆಯಲ್ಲ, ಅಲ್ಲಿ ಬಶೀರ್ ಚಾಚಾ ಎಂಬ ಮುದುಕನ ಅಂಗಡಿ. ಮಾಡಿನಿಂದ ದೊಡ್ಡ ದೊಡ್ಡ ಒಣಸೋರೆಬುರುಡೆಗಳು ತೂಗುತ್ತಿದ್ದವು. ಅರಗು, ಸ್ಪಿರಿಟ್ಟಿನ ವಾಸನೆ. ಕಾಕಾ ಕೇಳಿದ್ದು ತೂನ್ ಎಂಬ ಮರ. ತಂಬೂರಿಯ ದಂಡಿಗೆ ಬಳಸುವ ನಸುಗೆಂಪು, ಹಗುರ ಮರ. "ಫಾರಿನ್ ಇಮಾನದ ಪಂಖಾಕ್ಕ ಇದರ ಅಣ್ಣತಮ್ಮಂದಿರ ಮರ ಹಾಕ್ತಾರ," ಎಂದು ಕಾಕಾ ಅಪ್ಪನಿಗೆ ಹೇಳಿದ.

ಚಾಚಾ ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದ. "ಬಾರಾ ಸಾಲ್ ಒಣಗಿಸಿದ ಲಕಡಿ. ತಂಬೂರಿಗೆ ಇಟ್ಟದ್ದು. ಪಂಖಾಕ್ಕೆ? ನಹೀ, ನಹೀ."

ಕಾಕಾ ವಿವರಿಸಿದ. ಚಾಚಾ ತಲೆ ಅಲ್ಲಾಡಿಸುತ್ತಲೇ ಇದ್ದ. ಆಗ ಅಪ್ಪ ಚೀಲದಿಂದ ಸಾಗವಾನಿಯ ತುಂಡೊಂದನ್ನು ತೆಗೆದು ಅವನ ಮುಂದಿಟ್ಟ. ಚಾಚಾ ಕನ್ನಡಕ ಏರಿಸಿ ಅದರ ತಿರುವನ್ನು ಸವರಿದ, ಬಿಟ್ಟುಕೊಂಡ ಗೆರೆ ನೋಡಿದ, ಗರಗಸದ ಕೊಯ್ತ ನೋಡಿದ. "ಕೊಯ್ದವರು ಯಾರು?"

"ನಾನ್ರಿ," ಅಂದ ಅಪ್ಪ.

ಚಾಚಾ ಒಳಗಿನಿಂದ ಎಂಟು ಹಲಗೆ ತಂದು ಸಾಲಾಗಿ ಇಟ್ಟ. ಗೆಣ್ಣಿನಿಂದ ಒಂದೊಂದನ್ನೂ ಬಡಿದು ಕೇಳಿಸಿದ. "ಬೇಟಿ, ಇದರಾಗ ಒಂದು ಖರಾಬ್ ಐತಿ. ಯಾವದು?" ನಾನು ಜಾಣೆಯ ಹಾಗೆ ಐದನೆಯದನ್ನು ತೋರಿಸಿದೆ. "ಗಲತ್!" ಎಂದು ನಕ್ಕ. ಅಪ್ಪ ಕೈಯಲ್ಲಿ ಎತ್ತಿ ಎತ್ತಿ ನೋಡಿ ಮೂರನೆಯದನ್ನು ಬದಿಗಿಟ್ಟ. ಅದೇ ಆಗಿತ್ತು. ಇಬ್ಬರು ಮುದುಕರಂತೆ, ಬಹಳ ದಿನದ ಗೆಳೆಯರಂತೆ, ಅವರು ನಕ್ಕದ್ದು ನೆನಪಿದೆ. ಅಪ್ಪನಿಗೆ ಆಗ ಇನ್ನೂ ಐವತ್ತು ದಾಟಿರಲಿಲ್ಲ.

ಈ ಸಲ ಅಂಟು ಕಾಕಾನದು. ಎರಡು ಡಬ್ಬಿಯದನ್ನು ಕೂಡಿಸಿ ಕಲಸುವಂಥದ್ದು. ಅಪ್ಪ ಒಂದು ಮಾತೂ ಆಡದೆ ಅವನು ಹೇಳಿದಷ್ಟು ಬಳಿದ. ಓಣಿಯಲ್ಲಿದ್ದ, ಕಟ್ಟಿಗೆ ಬಿಗಿಯುವ ಶಿಕಂಜಿಗಳನ್ನೆಲ್ಲ ತಂದು ಬಿಗಿದೆವು. ನಾಲ್ಕು ದಿನ ಯಾರೂ ಮುಟ್ಟಬಾರದೆಂದು ಅವ್ವ ಅದರ ಮುಂದೆ ಕುಳ್ಳು ಒಟ್ಟಿ ಅಡ್ಡಗಟ್ಟಿದಳು. ತೂನ್ ಕೆತ್ತುವಾಗ ಬರುವ ವಾಸನೆ ಬೇರೆಯೇ. ತುಸು ಸಿಹಿ, ಹಳೆಯ ಪುಸ್ತಕದ ಹಾಗೆ. ರಂದಾಕ್ಕೆ ಅದು ಬೆಣ್ಣೆ.

ಬಿಗಿದು ನೋಡಿದಾಗ ಮುಳ್ಳು ಎಂಬತ್ತೆಂಟಕ್ಕೆ ನಿಂತಿತು. ಇನ್ನೆರಡು ಕಿಲೋ! ನನಗೆ ಅಳು ಬಂತು. ಕಾಕಾ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದ. "ಇಂಜಿನ್ನಿಗಿ ಇನ್ನ ದಮ್ಮ ಐತಿ. ಓರಿ ಹೆಚ್ಚಾಗೇತಿ, ಪಂಖಾ ಭಾಳ ಗಾಳಿ ಕಚ್ಚಾಕತ್ತೇತಿ. ಒಂದ ಡಿಗ್ರಿ ಇಳಸೂಣು." ಒಂದು ಡಿಗ್ರಿ ಎಂದರೆ ರಂದಾದ ಎಂಟು ಹತ್ತು ಎಳೆತ. ಹೆಚ್ಚು ತೆಗೆದರೆ ಮತ್ತೆ ಹಚ್ಚಲು ಬಾರದು. ಹೊಸ ಅಚ್ಚುಗಳನ್ನು ನಾನೇ ಕತ್ತರಿಸಿದೆ. ಅಪ್ಪ ಒಂದು ಎಳೆತ ಎಳೆಯುವುದು, ನಾನು ಅಚ್ಚು ಹಿಡಿಯುವುದು. ಮತ್ತೊಂದು ಎಳೆತ, ಮತ್ತೆ ಅಚ್ಚು. ಎರಡು ದಿನ ಹಿಡಿಯಿತು. ಮತ್ತೆ ಬಿಗಿದೆವು. ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದೆ. ನೂರ ಎರಡು. ಎರಡೂ ಕೈ ಎತ್ತಿ ಕುಣಿದೆ.

ಹೋಳಿ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇತ್ತು. ಈ ಸಲ ಯಾರಿಗೂ ಹೇಳಿರಲಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ, ಗಾಳಿ ಇನ್ನೂ ಏಳುವ ಮುಂಚೆ, ಗಾಯರಾಣಕ್ಕೆ ವಿಮಾನ ತಳ್ಳಿಕೊಂಡು ಹೋದೆವು. ಆದರೂ ದನ ಬಿಡಲು ಬಂದವರು, ಕಬ್ಬು ಕಡಿಯಲು ಹೊರಟವರು ಸೇರಿ ಮೂವತ್ತು ನಲವತ್ತು ಮಂದಿಯಾದರು. ಅವ್ವನ ಪಕ್ಕದಲ್ಲಿ ಶೇವಂತಾ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ಅವಳ ಕಡೆ ಹೋಗಿ, "ಅಕ್ಕಾರ, ಹ್ವಾದ ಸಲ ಮಾತ ಕೊಟ್ಟಿದ್ಯಾ. ಈ ಸಲ ಕೊಡಾಂಗಿಲ್ಲ. ನೋಡೀನಿ, ತಿಳದಷ್ಟ ನೋಡೀನಿ," ಅಂದ. ಅವಳು ತಲೆ ಆಡಿಸಿದಳು.

ಮೊದಲ ಓಟದಲ್ಲಿ ವಿಮಾನ ಕುಪ್ಪಳಿಸುತ್ತ ಹೋಗಿ ನಿಂತಿತು. ಎರಡನೆಯದರಲ್ಲಿ ಬಾಲ ಎದ್ದಿತು. ಮೂರನೆಯ ಓಟದಲ್ಲಿ ಗಾಲಿಗಳ ಕೆಳಗಿನ ಧೂಳು ಒಮ್ಮೆಲೇ ನಿಂತುಹೋಯಿತು. ಗಾಲಿಗಳು ತಿರುಗುತ್ತಿವೆ, ಧೂಳಿಲ್ಲ. ಅದು ನೆಲ ಬಿಟ್ಟಿದೆ ಎಂದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಅದು ಆಳೆತ್ತರ, ಎರಡಾಳೆತ್ತರ, ಆಚೆ ಅಂಚಿನ ಜಾಲಿ ಗಿಡಗಳ ತಲೆಯ ಎತ್ತರ ಹೋಗಿತ್ತು. ಎಮ್ಮೆಗಳು ಬಾಲ ಎತ್ತಿ ಓಡಿದವು. ಯಾರೋ "ಅಯ್ಯಯ್ಯ, ಹೊಂಟ ನೋಡೋ, ಯಶ್ವಂತ್ಯಾ ಹೊಂಟ!" ಎಂದು ಚೀರಿದರು. ಅಪ್ಪ ಮೇಲೆ ನೋಡುತ್ತಿರಲಿಲ್ಲ. ನೆಲದ ಮೇಲೆ ಕಣ್ಣು ನೆಟ್ಟು, ತಲೆ ಒಂದು ಕಡೆ ಓರೆ ಮಾಡಿ, ಪಂಖಾದ ದನಿಯನ್ನಷ್ಟೇ ಕೇಳುತ್ತಿದ್ದ. ದನಿ ಎಲ್ಲೂ ಒಡೆಯಲಿಲ್ಲ.

ಗಾಯರಾಣದ ಆ ತುದಿಯವರೆಗೆ ಹೋಗಿ ವಿಮಾನ ಇಳಿಯಿತು. ಇಳಿಯುವಾಗ ಒಂದು ಗಾಲಿ ಸೊಟ್ಟಗಾಯಿತು. ಎಲ್ಲರೂ ಓಡಿದೆವು. ಅಪ್ಪ ಎಲ್ಲರಿಗಿಂತ ಮೊದಲು ಮುಟ್ಟಿದ. ಮುಟ್ಟಿದವನು ಕಾಕಾನ ಕಡೆ ನೋಡಲೂ ಇಲ್ಲ. ಪಂಖಾ ನಿಂತ ಕೂಡಲೇ ಅದರ ಕೂಡುಗೆರೆಗಳ ಮೇಲೆ ಉಗುರು ಆಡಿಸತೊಡಗಿದ. ಕಾಕಾ ಕುಳಿತಲ್ಲಿಂದಲೇ ಕೂಗಿದ, "ಕಲ್ಲಪ್ಪಣ್ಣ, ನಾನೂ ಇಲ್ಲೇ ಅದೀನ್ರಿ! ನನ್ನೂ ಒಂದೀಟ ನೋಡ್ರಿ!" ಇಬ್ಬರೂ ನಗುತ್ತ ಅಪ್ಪಿಕೊಂಡರು. ನಾನು ಅಪ್ಪ ಯಾರನ್ನಾದರೂ ಅಪ್ಪಿಕೊಂಡದ್ದನ್ನು ಕಂಡದ್ದು ಅದೇ ಮೊದಲು.

ಆ ಬೇಸಿಗೆಯಲ್ಲಿ ಕಾಕಾ ಇನ್ನೂ ಕೆಲವು ಸಲ ಹಾರಿದ. ಗಾಯರಾಣ ದಾಟಿ ಹಾರಲು ಬೇಕಾದ ಸರಕಾರಿ ಅಪ್ಪಣೆಗೆ ಅರ್ಜಿ ಹಾಕಿದ್ದ, ಅದು ಬರಲಿಲ್ಲ. ಕಾಕಾ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಏಳತೈತಿ ಅಂತ ಗೊತ್ತಾತಲ್ಲ, ಸಾಕು," ಅನ್ನುತ್ತಿದ್ದ. ನನಗೆ ಹತ್ತನೇ ಇಯತ್ತೆ ಮುಗಿದಾಗ, ಎರಕದ ಕಾರ್ಖಾನೆಗಳಿಗೆ ಕಟ್ಟಿಗೆಯ ಅಚ್ಚು ಮಾಡುವ ತರಬೇತಿಗೆ ನನ್ನ ಹೆಸರು ಹಚ್ಚಲು ಅಪ್ಪನ ಕೂಡ ಬೆಳಗಾವಿಗೆ ಬಂದವನು ಅವನೇ. ಇಡೀ ತರಗತಿಗೆ ಹುಡುಗಿ ನಾನೊಬ್ಬಳೇ. ಆ ಕೆಲಸದಲ್ಲೇ ನನ್ನ ಹೊಟ್ಟೆ ತುಂಬಿದೆ, ಮನಸ್ಸೂ.

ಈಗ ಗಾಯರಾಣದ ಅರ್ಧ ಕಬ್ಬು, ಅರ್ಧ ಮನೆಗಳು. ಮಿರಜದ ಚಾಚಾ ಹೋದ, ಅಪ್ಪ ಹೋದ, ಎಂಟು ವರ್ಷದ ಹಿಂದೆ ಯಶವಂತ ಕಾಕಾನೂ ಹೋದ. ನನ್ನ ಕಾರ್ಖಾನೆಯಲ್ಲಿ ಈಗ ಯಂತ್ರ ಕೆತ್ತುತ್ತದೆ; ಕೋನ ಹೇಳಿದರೆ ಸಾಕು, ಕೂದಲೆಳೆ ತಪ್ಪುವುದಿಲ್ಲ. ಚೆನ್ನಾಗಿದೆ, ದೂರುವುದಿಲ್ಲ. ಆದರೆ ಮೂರು ಮರಗಳಿಗಾಗಿ ಒಂದು ಹಂಗಾಮನ್ನೇ ಕೊಡುವವರು, ಇನ್ನೊಬ್ಬರ ಜೀವವನ್ನು ತಮ್ಮ ಉಗುರಿನ ತುದಿಯಲ್ಲಿ ಇಟ್ಟುಕೊಂಡು ತಿರುಗುವವರು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಅವತ್ತು ಗಾಯರಾಣದಲ್ಲಿ ನಿಂತು ನೋಡಿದವರಲ್ಲೂ ಉಳಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಹೋದ ಚಳಿಗಾಲದಲ್ಲಿ ನಿಪ್ಪಾಣಿಗೆ ಹೋಗಿದ್ದೆ. ಶೇವಂತಾ ಕಾಕು ಅಲ್ಲಿ ಮಗಳ ಮನೆಯಲ್ಲಿದ್ದಾಳೆ, ಎಂಬತ್ತರ ಹತ್ತಿರ. ಮೊಮ್ಮಕ್ಕಳ ಗದ್ದಲದ ನಡುವೆ ಸುಟ್ಟ ಎಳೆಜೋಳದ ಸೀತನಿ ತಿನ್ನುತ್ತ ಕುಳಿತಿದ್ದೆವು. ಒಮ್ಮೆಲೇ ಅವಳು ನನ್ನ ಮೊಣಕೈ ಹಿಡಿದು ಕೇಳಿದಳು, "ಕಸ್ತೂರಿ, ಒಂದ ಮಾತ ಕೇಳ್ತೀನಿ, ನಗಬ್ಯಾಡ. ಅವತ್ತ ನಾ ಕಣ್ಣ ಮುಚ್ಚಿದ್ಯಾ. ಗದ್ದಲ ಕೇಳಿ ಕಣ್ಣ ತಗಿಯೂದ್ರಾಗ ಅವರು ಇಳದಿದ್ರು. ಆಮ್ಯಾಲ ಅವರು ಹಾರಿದಾಗೂ ಹೋಗಲಿಲ್ಲ, ಧೈರ್ಯ ಆಗಲಿಲ್ಲ. ಅವರಿಗಿ ಇದನ್ನ ಹೇಳೇ ಇಲ್ಲ. ನೋಡೀನಿ ಅಂತನ ಅಂದಿದ್ಯಾ. ನೀ ಹೇಳ, ಹೆಂಗ ಕಾಣತಿದ್ರು?"

ಕಾಕು ಈಗ ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಸೀತನಿಯ ತಾಟು ಬದಿಗಿಟ್ಟೆ.

"ಮದ್ಲ ಧೂಳ ನಿಂತಿತು, ಕಾಕು," ಎಂದು ಶುರು ಮಾಡಿದೆ.